ಬದನೆ ಬೇರಿನ ತಪಾಸಣೆ

ನಿಜಾಮರ ಆಡಳಿತ ಹೋಗಿ ನಾಲ್ಕು ವರ್ಷವಾಗಿತ್ತು. ಮಸ್ಕಿಯಿಂದ ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದ ನಾನು ಕಣ್ಣಾರೆ ನೋಡದೆ ಒಂದು ಸಾಲೂ ಬರೆದವನಲ್ಲ. ಅಂಥ ನನಗೆ ಹನ್ನೆರಡು ಬದನೆ ಗಿಡ ಉಳಿಸುವುದು ಯಾವ ದೊಡ್ಡ ಕೆಲಸ!

ಗಿಡಗಳು ಹೆಂಡತಿ ಗೌರಮ್ಮನವು. ಎಳ್ಳಮಾವಾಸ್ಯೆಗೆ ಲಿಂಗಸುಗೂರಿನಿಂದ ಬರುವ ಅಣ್ಣನಿಗೆ ಮನೆಯ ಗಿಡದ್ದೇ ಎಣ್ಣೆಗಾಯಿ ಉಣಿಸುವುದಾಗಿ ಮಾತು ಕೊಟ್ಟಿದ್ದಳು. ಹೂವು ಬಿಡುವ ಹೊತ್ತಿಗೆ ಒಂದು ಗಿಡ ಬಾಡಿತು.

ಅದೇ ವಾರ ಸಿಂಧನೂರಿನಲ್ಲಿ ಬೇಸಾಯದ ಅಧಿಕಾರಿಯೊಬ್ಬರ ಭಾಷಣ ವರದಿ ಮಾಡಿದ್ದೆ. "ಮಣ್ಣಾಗ ಬೂಷ್ಟು ಎರಡು ನಮೂನಿ. ಒಂದು ಬೇರಿಗೆ ಉಣಸ್ತದ, ಒಂದು ಬೇರನ್ನೇ ಉಣ್ತದ. ಯಾರನ್ನ ಒಳಗ ಬಿಡಬೇಕಂತ ಬೇರಿಗೆ ಗೊತ್ತಿರ್ತದ," ಎಂದಿದ್ದರು.

ಬೇರಿಗೆ ಗೊತ್ತಿರುವುದು ವರದಿಗಾರನಿಗೆ ಗೊತ್ತಾಗದೇ?

ಬಾಡಿದ ಗಿಡ ಕಿತ್ತೆ. ಬೇರು ಕಪ್ಪಗೆ ಕೊಳೆತಿತ್ತು. ಶತ್ರು ಸಿಕ್ಕ! ಆದರೆ ಒಂದೇ ಕಡೆಯ ಹೇಳಿಕೆ ಪಡೆಯುವುದು ವೃತ್ತಿಧರ್ಮವಲ್ಲ. ಚೆನ್ನಾಗಿದ್ದ ಗಿಡವನ್ನೂ ಕಿತ್ತೆ. ಬೇರಿನ ತುಂಬ ಬೆಳ್ಳನೆಯ ನವಿರು ಎಳೆಗಳು. ಮಿತ್ರರು!

"ಏನ್ ನಡಸೀರಿ?" ಗೌರಮ್ಮ ಬಂದಳು.

"ತಪಾಸ."

"ಗಿಡ ಏನ್ ಖೂನಿ ಮಾಡ್ಯಾವೇನ್ರೀ?"

ಎರಡೂ ಗಿಡಗಳ ಮಣ್ಣನ್ನು ಪುಟ್ಟಿಯಲ್ಲಿ ಬೆರೆಸಿ ಎಲ್ಲ ಗಿಡಗಳ ಬುಡಕ್ಕೂ ಹಾಕಿದೆ. ಮಿತ್ರರು ಶತ್ರುಗಳನ್ನು ಓಡಿಸಬೇಕಿತ್ತು. ಓಡಿಸಿದರೋ ಇಲ್ಲವೋ ಖಚಿತಪಡಿಸಿಕೊಳ್ಳಲು ದಿನಾ ಬೆಳಿಗ್ಗೆ ಗಿಡ ಕೀಳುತ್ತಿದ್ದೆ, ನೋಡುತ್ತಿದ್ದೆ, ಮತ್ತೆ ನೆಡುತ್ತಿದ್ದೆ.

ಎಂಟು ದಿನಕ್ಕೆ ಎಲ್ಲವೂ ತಲೆಬಾಗಿದವು. ಗೌರವದಿಂದಲ್ಲ.

ಮಸ್ಕಿಗೆ ಬಂದಿದ್ದ ಅದೇ ಅಧಿಕಾರಿಯನ್ನು ಹಿತ್ತಿಲಿಗೆ ಕರೆತಂದೆ. ನಾನು ಮಿತ್ರರೆಂದು ತೋರಿಸಿದ ಬಿಳಿ ಎಳೆಗಳಿಗೆ ಅವರು ಭೂತಗನ್ನಡಿ ಹಿಡಿದರು.

"ಇವು ಬೇರಿನ ಕೂದಲ್ರೀ! ಮಿತ್ರರು ಹಿಂಗ ಕಣ್ಣಿಗೆ ಬೀಳಂಗಿಲ್ಲ. ಬೇರು ವೈರಿಗೆ ಬಾಗಿಲ ಹಾಕ್ಕೊಂಡು ಕುಂತಿತ್ತು. ನೀವು ಬಾಗಿಲ ಕಿತ್ತು, ವೈರೀನ ಕರದು, ಉಣ್ಣಾಕ ತಾಟು ಹಾಕೀರಿ!"

"ಈಗ ಉಪಾಯ?"

"ಕಿತ್ತು ಸುಡ್ರಿ. ಕೀಳೂದು ನಿಮಗ ರೂಢಿ ಅದಲ್ಲ."

"ಸಂತಿಯಿಂದ ಬದನಿಕಾಯಿ ತರ್ತೀನಿ," ಎಂದೆ ಹೆಂಡತಿಗೆ.

"ಮನಿ ಗಿಡದ್ದಂತ ಅಣ್ಣಗ ಹೇಳೀನಿ. ಸುಳ್ಳು ಬಡಸಂಗಿಲ್ಲ!"

ಅಮಾವಾಸ್ಯೆಯಂದು ಭಾವನ ತಾಟಿಗೆ ಸಜ್ಜೆ ರೊಟ್ಟಿ, ಪಕ್ಕದಲ್ಲಿ ಎಣ್ಣೆಗಾಯಿಯ ಮಸಾಲೆ ಮಾತ್ರ ಬಿತ್ತು. ಅವರು ಬೆರಳಿನಿಂದ ಆ ಕಡೆ ಈ ಕಡೆ ಸರಿಸಿ ನೋಡಿದರು.

"ಕಾಯಿ ಎಲ್ಲಿ ಅವ ತಂಗಿ?"

"ಇವರನ್ನ ಕೇಳಣ್ಣಾ. ಪತ್ರಿಕಾದವರು, ಖರೇ ಹೇಳ್ತಾರ."

ಕಣ್ಣಾರೆ ಕಂಡ ಸುದ್ದಿ, ಎರಡೂ ಕಡೆಯ ಹೇಳಿಕೆ, ಅಧಿಕಾರಿಯ ದೃಢೀಕರಣ, ಎಲ್ಲವೂ ನನ್ನ ಬಳಿ ಇತ್ತು. ನಾನು ನೀರು ತರುವ ನೆಪದಲ್ಲಿ ಎದ್ದು ಹೋದೆ.