ಗೌಡರ ಕಣದಲ್ಲಿ ಕಬಡ್ಡಿ

ಹೆಬ್ಬಾಳದಿಂದ ಯಲಹಂಕದ ಬಸ್ಸು ಹತ್ತಿದರೆ ಈಗಲೂ ನಾನು ಒಬ್ಬನೇ ನಗುತ್ತೇನೆ. ಪಕ್ಕದವರು ಸ್ವಲ್ಪ ಸರಿದು ಕೂರುತ್ತಾರೆ. ಏನು ಮಾಡಲಿ, ನಮ್ಮ ಕಬಡ್ಡಿ ತಂಡಕ್ಕೆ ಆಟ ಬರುತ್ತಿತ್ತೋ ಇಲ್ಲವೋ, ಫಜೀತಿ ಮಾತ್ರ ವರ್ಷ ತಪ್ಪದೆ ಬರುತ್ತಿತ್ತು.

ಅರವತ್ತರ ದಶಕದ ಮಾತು. ಆ ರಸ್ತೆಯ ಆಸುಪಾಸಿನಲ್ಲಿ ಬೇಸಾಯ ಕಲಿಸುವ ಎರಡು ಹಳ್ಳಿ ಕಾಲೇಜುಗಳು, ನಮ್ಮದೊಂದು, ಅವರದೊಂದು. ಒಬ್ಬರ ಮೈದಾನಕ್ಕೆ ಇನ್ನೊಬ್ಬರು ಕಾಲಿಡುವುದಿಲ್ಲ ಎಂಬ ಹಟ. ಹಾಗಾಗಿ ಪಂದ್ಯ ನಡೆಯುತ್ತಿದ್ದುದು ನಡುವೆ ಇದ್ದ ಒಬ್ಬ ಗೌಡರ ರಾಗಿ ಕಣದಲ್ಲಿ. ಅಂಪೈರೂ ಅವರೇ. ನನ್ನ ಕೊನೆಯ ವರ್ಷದ ಹೊತ್ತಿಗೆ ಹದಿನಾರು ವರ್ಷದಿಂದ ಕಪ್ ಗೆದ್ದವರು ಆ ಕಾಲೇಜಿನವರು, ಸೋತವರು ನಾವು. ನಮ್ಮ ಪಿ.ಟಿ. ಮೇಷ್ಟ್ರಿಗೆ ಇದ್ದುದು ಒಂದೇ ಆಸೆ: ನಿವೃತ್ತಿಗೆ ಮುಂಚೆ ಒಂದು ಸಲ ಆ ಕಪ್ ಕೈಯಲ್ಲಿ ಹಿಡಿಯಬೇಕು.

ಮುದ್ದೆಯ ತಂತ್ರ

ಹಿಂದಿನ ವರ್ಷ ಸೋತವರು ಪಂದ್ಯಕ್ಕೆ ಮುಂಚೆ ಎರಡೂ ತಂಡಕ್ಕೆ ಊಟ ಹಾಕಬೇಕು ಎಂಬುದು ಪದ್ಧತಿ. ಅಂದರೆ ಪ್ರತಿ ವರ್ಷ ನಾವೇ. ಒಂದು ವರ್ಷ ಮೇಷ್ಟ್ರು ಉಪಾಯ ಹೂಡಿದರು. "ಮುದ್ದೆ, ಅವರೆಕಾಯಿ ಸಾರು ಗಂಟಲತನಕ ತಿನ್ನಿಸ್ರೋ. ಅವರು ಅದೆಂಗೆ ಓಡ್ತಾರೆ ನೋಡ್ತೀನಿ!"

ಅವರ ನಾಯಕ ನಾಲ್ಕು ಮುದ್ದೆ ಮುರಿದು, ಸಾರು ಸೊರ್ರೆಂದು ಎಳೆದು, ಕೈ ತೊಳೆದು ತೊಡೆ ತಟ್ಟಿದ. ಅವರಿಗೆ ಒತ್ತಾಯ ಮಾಡುತ್ತಾ ಮಾಡುತ್ತಾ ನಾವೂ ಮೂರು ಮೂರು ನುಂಗಿದ್ದೆವು. ಕಬಡ್ಡಿ ಕಬಡ್ಡಿ ಎನ್ನುತ್ತಾ ನುಗ್ಗಿದ ನನಗೆ ನಡುವೆ ದೊಡ್ಡ ತೇಗು ಬಂತು. ಉಸಿರು ಅಲ್ಲಿಗೇ ನಿಂತಿತು. ಅವರ ನಾಯಕ ನನ್ನನ್ನು ಹಿಡಿಯಲೂ ಇಲ್ಲ.

"ನಿಧಾನಕ್ಕೆ ಓಗು ಗುರು," ಅಂದ. "ಸಾರು ಬಲೇ ಚೆನ್ನಾಗಿತ್ತು."

ಗೂಢಚಾರ

ಮರುವರ್ಷ ಅವರ ಅಭ್ಯಾಸ ಹೇಗೆ ನಡೆದಿದೆ ಎಂದು ಕದ್ದು ನೋಡಿ ಬರಲು ಮೇಷ್ಟ್ರು ನನ್ನನ್ನು ಕಳಿಸಿದರು. ಅರ್ಧ ದಾರಿಯಲ್ಲಿ ಸೈಕಲ್ಲಿನ ಗಾಳಿ ಇಳಿಯಿತು. ಎದುರಿಗೆ ಇನ್ನೊಂದು ಸೈಕಲ್. ಅದರ ಮೇಲೆ ಅವರ ನಾಯಕ.

"ಎಲ್ಲಿಗೆ ಗುರು?"

"ನಿಮ್ಮ ಕಾಲೇಜಿಗೆ. ನೀನು?"

"ನಿಮ್ ಕಾಲೇಜ್ಗೇ!"

ಇಬ್ಬರೂ ಹುಣಸೆಮರದ ಕೆಳಗೆ ಕೂತು ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಅವನು ತನ್ನ ಪಂಪಿನಿಂದ ನನ್ನ ಚಕ್ರಕ್ಕೆ ಗಾಳಿ ಹೊಡೆದುಕೊಟ್ಟ. ಸಂಜೆಯತನಕ ಮಾತಾಡಿದೆವು, ಕಬಡ್ಡಿಯ ಸುದ್ದಿ ಒಮ್ಮೆಯೂ ಬರಲಿಲ್ಲ. ಅಂಥ ಸಂಜೆ ನನಗೆ ಮತ್ತೆ ಸಿಗಲಿಲ್ಲ. ಆ ಮರವನ್ನು ಬಸ್ಸಿನ ಕಿಟಕಿಯಿಂದ ಈಗಲೂ ಹುಡುಕುತ್ತೇನೆ. ಮರವೂ ಇಲ್ಲ, ಅವನೆಲ್ಲಿದ್ದಾನೋ ತಿಳಿಯದು.

"ಏನ್ ತಿಳ್ಕೊಂಡ್ ಬಂದ್ಯೋ?" ಎಂದು ಮೇಷ್ಟ್ರು ಕಾತರದಿಂದ ಕೇಳಿದರು.

"ಅವರ ಹತ್ರ ಒಳ್ಳೇ ಪಂಪ್ ಇದೆ ಸಾರ್."

ಕೊನೆಯ ವರ್ಷ

ಮೇಷ್ಟ್ರ ನಿವೃತ್ತಿಗೆ ಎರಡೇ ತಿಂಗಳಿತ್ತು. ಪಂದ್ಯ ಸಮಸಮ. ಕೊನೆಯ ಸರದಿ ನನ್ನದು. ಹೆದರಿಕೆಗೆ ಕಣ್ಣು ಮುಚ್ಚಿಕೊಂಡು ಕಬಡ್ಡಿ ಕಬಡ್ಡಿ ಎನ್ನುತ್ತಾ ನುಗ್ಗಿದೆ. ಎಷ್ಟು ಹೊತ್ತಾದರೂ ಯಾರೂ ಹಿಡಿಯಲಿಲ್ಲ. ಮುಖದ ಮೇಲೆ ತಣ್ಣಗೆ ಹನಿ ಬಿತ್ತು. ಕಣ್ಣು ಬಿಟ್ಟರೆ ಅಂಕಣ ಖಾಲಿ!

ಮಳೆ ಬಂದಿತ್ತು. ಗೌಡರ ಹೊಲದಲ್ಲಿ ಕೊಯ್ದ ರಾಗಿ ಬಿದ್ದಿತ್ತು. ರೈತರ ಮಕ್ಕಳಲ್ಲವೇ, ಎರಡೂ ತಂಡದವರು ಗೆರೆ ದಾಟಿ ಓಡಿಹೋಗಿ ಹೊರೆ ಹೊರುತ್ತಿದ್ದರು. ನಮ್ಮ ಮೇಷ್ಟ್ರ ತಲೆಯ ಮೇಲೂ ಒಂದು ಹೊರೆ.

"ಯಾರ್ನ ಮುಟ್ಟಕ್ಕೆ ಓಯ್ತಿದೀಯಪ್ಪಾ?" ಎಂದು ಗೌಡರು ಕೂಗಿದರು. "ಬಂದ್ ಕೈ ಆಕು!"

ಕತ್ತಲಾಗುವಷ್ಟರಲ್ಲಿ ಹೊರೆಗಳನ್ನೆಲ್ಲ ಕಣದಲ್ಲಿ ಮೆದೆ ಒಟ್ಟಿ ಮುಗಿಸಿದೆವು. ಅವರ ನಾಯಕ ಒದ್ದೆ ಬಟ್ಟೆಯಲ್ಲೇ ಮೇಷ್ಟ್ರ ಮುಂದೆ ಬಂದು ನಿಂತ. "ಗೆರೆ ದಾಟಿದ್ದು ನಾವು ಸಾರ್. ಅಂಕಣದಾಗೆ ಉಳ್ದೋನು ನಿಮ್ಮೋನೊಬ್ಬನೇ. ಕಪ್ಪು ನಿಮ್ದು."

ಮೇಷ್ಟ್ರ ಕಣ್ಣು ತುಂಬಿತು. ಎರಡೂ ಕೈ ಚಾಚಿದರು. ಆದರೆ ಕಪ್ಪೆಲ್ಲಿ? ಕಣದ ಅಂಚಿನ ಚಪ್ಪಡಿಯ ಮೇಲಿಟ್ಟಿದ್ದರು. ಅದರ ಮೇಲೆಯೇ ನಾವು ಮೆದೆ ಒಟ್ಟಿದ್ದೆವು.

"ಒಟ್ಟಿದ್ ಮೆದೇನ ರಾಗಿ ಬಡಿಯೋಗಂಟ ಕೀಳಕ್ಕಿಲ್ಲ," ಎಂದರು ಗೌಡರು.

ಆ ಎರಡು ತಿಂಗಳು ಮೇಷ್ಟ್ರು ವಾರಕ್ಕೊಮ್ಮೆ ಸೈಕಲ್ ತುಳಿದು ಹೋಗಿ ಮೆದೆಯ ಮುಂದೆ ನಿಂತು ಬರುತ್ತಿದ್ದರು. ಅವರನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು. ಕೊನೆಗೆ ಅವರ ನಿವೃತ್ತಿಯ ಹಿಂದಿನ ದಿನ ಗೌಡರು ಮೆದೆ ಬಿಚ್ಚಿದರು. ಎರಡೂ ಕಾಲೇಜು ಅಲ್ಲಿ ನೆರೆದಿತ್ತು. ಅಡಿಯಲ್ಲಿ ಕಪ್ ಸಿಕ್ಕಿತು. ಒಳಗೆ ಇಲಿ ಆರು ಮರಿ ಹಾಕಿತ್ತು!

ಗೌಡರು ದೊಣ್ಣೆ ಎತ್ತಿದರು. ಇಲಿ ಬೆಳೆಯ ಶತ್ರು ಎಂದು ಪಾಠ ಮಾಡುವ ಕಾಲೇಜಿನ ನಮ್ಮ ಪಿ.ಟಿ. ಮೇಷ್ಟ್ರು ಕಪ್ಪನ್ನು ಎದೆಗೆ ಅವಚಿಕೊಂಡು ಚೀರಿದರು:

"ಏಯ್, ಮುಟ್ಬೇಡಿ! ಹದಿನಾರು ವರ್ಷ ಕಾದಿದೀನಿ. ಕಪ್ಪೂ ನಮ್ದೇ, ಒಳಗಿರೋವೂ ನಮ್ವೇ!"