ಕುಂಟ ಆಮೆ ಕಡಲು ಕುಡಿದದ್ದು

ಏನ್ರಪ್ಪಾ, ನನಗೆ ಅರಳುಮರಳು ಅಂದವರು ಯಾರು? ನಿನ್ನೆ ಕನ್ನಡಕ ಎಲ್ಲಿಟ್ಟೆ ಅನ್ನುವುದು ಮರೆತಿರಬಹುದು. ಆ ಸಭೆಯಲ್ಲಿ ಯಾರು ಯಾವ ಕುರ್ಚಿಯಲ್ಲಿ ಕೂತು ಆಕಳಿಸಿದರು ಅನ್ನುವುದನ್ನು ಮರೆತಿಲ್ಲ. ಬಾಯಿ ಮುಚ್ಚಿ ಕೇಳಿ.

ತೌಲನಿಕ ಸಾಹಿತ್ಯದ ಮೇಷ್ಟ್ರೊಬ್ಬರಿದ್ದರು. ತಲೆಗೂದಲೆಲ್ಲ ಉದುರಿ ಮುಗಿದಿತ್ತು, ಕೆಲಸ ಮಾತ್ರ ಖಾಯಂ ಆಗಿರಲಿಲ್ಲ. ಬಾಲ್ಯದಲ್ಲಿ ಸೋದರತ್ತೆ ಹೇಳಿದ್ದ ಕತೆಯೊಂದನ್ನು ಅವರು ಪತ್ರಿಕೆಯಲ್ಲಿ ಬರೆದರು: ಕುಂಟ ಆಮೆಯೊಂದು ಕಡಲನ್ನೆಲ್ಲ ಕುಡಿದು ಬಿಕ್ಕಳಿಸುತ್ತದೆ. 'ಸಾವಿರ ವರ್ಷ ಹಳೆಯದು' ಎಂದೂ ಸೇರಿಸಿದರು. ಅಲ್ಲೇ ಎಡವಟ್ಟಾಯಿತು. ನಮ್ಮ ಭಾಷೆ ಬಲ್ಲ ವಿದ್ವಾಂಸೆಯೊಬ್ಬರು 'ಇದು ನಮ್ಮ ಮನೆಯ ಕತೆ' ಎಂದು ಕಡಲಾಚೆಯಿಂದ ಬಂದೇಬಿಟ್ಟರು.

"ಕತೆ ನಮ್ಮದೇ ಅಂತ ಮೇಡಂ ಒಪ್ಪಿದ್ರೆ ನಿಮ್ಮ ಕೆಲಸ ಖಾಯಂ. ಇಲ್ದಿದ್ರೆ ವಿಭಾಗಕ್ಕೆ ಬೀಗ," ಎಂದರು ಪ್ರಿನ್ಸಿಪಾಲರು.

ಕಾಲೇಜಿನಲ್ಲಿ ಸಭೆ ಸೇರಿತು. ಮೇಷ್ಟ್ರು ಸಾಕ್ಷಿಗೆಂದು ಅತ್ತೆಯನ್ನೇ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದರು.

"ನಮ್ಮ ನಾವಿಕರು ಅಲ್ಲಿಗೆ ಒಯ್ದ ಕತೆ!" ಎಂದು ಗುಡುಗಿದರು.

"ಸುಮ್ನಿರಿ, ಬಿಳಿ ದೊರೆಗಳ ಹಡಗಲ್ಲಿ ಇಲ್ಲಿಗೆ ಬಂದಿದ್ದು!" ಎಂದು ಇತಿಹಾಸದ ಮೇಷ್ಟ್ರು ಮೈಕಿಗೆ ಕೈ ಹಾಕಿದರು. ಗ್ರಂಥಪಾಲಕರು ನಡುವೆ ಗ್ಲೋಬು ಹಿಡಿದು ನುಗ್ಗಿದರು. ಮೂವರೂ ಬಸ್ಸಿನ ಕಿಟಕಿ ಸೀಟಿಗೆ ಜಗಳಾಡುವವರಂತೆ ಮೈಕನ್ನು ಎಳೆದಾಡಿದರು.

ಅತಿಥಿ ಎದ್ದು ನಿಂತು ಕತೆ ಶುರುಮಾಡಿದರು. ಹೆಬ್ಬೆರಳು ಮಡಚಿ, ಅಂಗೈಯನ್ನು ಆಮೆಯಂತೆ ಮೇಜಿನ ಮೇಲೆ ಕುಂಟಿಸಿದರು. ಮೂವರೂ ಮೈಕು ಬಿಟ್ಟು ಕೂತರು. ಎಲ್ಲರಿಗೂ ತಂತಮ್ಮ ಅಡುಗೆಮನೆಯ ಹೊಸ್ತಿಲು, ಕೈತುತ್ತು ನೆನಪಾಯಿತು. ಆಮೆಯ ಬಿಕ್ಕಳಿಕೆಯವರೆಗೆ ಬಂದ ಅತಿಥಿ ಕತೆ ನಿಲ್ಲಿಸಿದರು. "ಮುಂದಿನದು ನನಗೆ ಗೊತ್ತಿಲ್ಲ."

"ನನಗೂ ಗೊತ್ತಿಲ್ಲ!" ಮೇಷ್ಟ್ರು ಕುಣಿದರು. "ನೋಡಿ, ಎರಡೂ ದಡದಲ್ಲಿ ಅಂತ್ಯ ಇಲ್ಲ! ಸಾಮ್ರಾಜ್ಯವೇ ಅದನ್ನ ನುಂಗಿದೆ!"

"ಯಾರೂ ನುಂಗಿಲ್ಲ ಕಣೋ," ಅಂದರು ಅತ್ತೆ. "ಅಷ್ಟರಲ್ಲಿ ನಿಮ್ಮಿಬ್ಬರ ತಟ್ಟೆನೂ ಖಾಲಿ ಆಗ್ತಿತ್ತು. ಉಣ್ಣಿಸೋಕೆ ನಾನೇ ಕಟ್ಟಿದ ಕತೆ. ಮುಂದೆ ಯಾಕೆ ಕಟ್ಟಲಿ?"

ಅತಿಥಿಯ ಕೈ ಹಿಡಿದು, "ಪುಟಾಣೀ, ಹೆಬ್ಬೆರಳು ಮಡಚಿದ್ದು ನೋಡಿದ ಕೂಡ್ಲೇ ಗೊತ್ತಾಯ್ತು. ಈಗಾದ್ರೂ ಸರಿಯಾಗಿ ಉಣ್ತೀಯಾ?" ಎಂದರು.

"ಆಯಾ!" ಎಂದು ಆ ನರೆಗೂದಲಿನ ವಿದ್ವಾಂಸೆ ಅತ್ತೆಯ ಮಡಿಲಿಗೆ ಮುಖವಿಟ್ಟು ಅತ್ತುಬಿಟ್ಟರು.

"ಅತ್ತೆ, ನೀವು ಹಡಗು ಹತ್ತಿದ್ರಾ? ನನಗ್ಯಾಕೆ ಹೇಳಲಿಲ್ಲ?"

"ನೀನು ಯಾವತ್ತು ಕೇಳಿದ್ದೆ? ನೀನು ಹುಟ್ಟೋ ಮೊದ್ಲು ದೊರೆ ಮಗೂನ ನೋಡ್ಕೊಳ್ಳೋಕೆ ಹೋಗಿದ್ದೆ."

ಅತಿಥಿ ಕಣ್ಣೊರೆಸಿಕೊಂಡು, ಈ ವಿಭಾಗ ಮುಚ್ಚಲೇಬಾರದು ಎಂದರು. ಪ್ರಿನ್ಸಿಪಾಲರು ಹಿಗ್ಗಿ ಹೀರೇಕಾಯಿಯಾಗಿ, "ಒಂದು ಖಾಯಂ ಹುದ್ದೆ ಈಗಲೇ ಕೊಟ್ಟೆ!" ಎಂದು ಸಾರಿದರು. ಮೇಷ್ಟ್ರು ಅಂಗಿ ಸರಿಮಾಡಿಕೊಂಡು ಎದ್ದರು.

"ಅತ್ತೆಯವರಿಗೆ!"

"ಮತ್ತೆ ನಾನು?"

"ಅವರನ್ನ ದಿನಾ ಕರ್ಕೊಂಡು ಬಂದು ಬಿಡೋರು ಬೇಕಲ್ಲ ಮೇಷ್ಟ್ರೇ."

ಆಯಿತಲ್ಲ, ಇದನ್ನು ನಾಲ್ಕು ಜನರಿಗೆ ಕಳಿಸಿ. ಅದಕ್ಕೂ ಮೊದಲು ನಿಮ್ಮ ಮನೆಯ ಹಿರಿಯರ ಪಕ್ಕ ಕೂತು ಕೇಳಿಸಿ. ಅವರು ನಡುವೆ ಬಾಯಿ ಹಾಕಿದರೆ ತಡೆಯಬೇಡಿ.