ಕಲ್ಲಚ್ಚಿನ ಬಾಬು ಕಣ್ಣು ಬಿಟ್ಟಿದ್ದು

ಗುರುಗ್ರಾಮದ ನಮ್ಮ ಫ್ಲಾಟಿನ ಬೋಳು ಗೋಡೆಗೆ ಕಲೆಯ ಕಳೆ ತರುವ ಮಹತ್ಕಾರ್ಯವನ್ನು ದೀಪಾವಳಿಗೆ ಮುಂಚೆ ನಾನೇ ವಹಿಸಿಕೊಂಡೆ. ದಿಲ್ಲಿಯ ಹಳೇ ಸಾಮಾನಿನ ಬೀದಿಯಿಂದ ಒಂದು ಚಿತ್ರ ಹೊತ್ತು ತಂದೆ. ಕಲ್ಲಿನ ಮೇಲೆ ಬರೆದು ಕಾಗದಕ್ಕೆ ಒತ್ತಿದ ಹಳೇ ಕಲ್ಲಚ್ಚು ಅಂತ ಅಂಗಡಿಯ ಭಯ್ಯಾ ಆಣೆ ಮಾಡಿದ್ದ. ಪಟ್ಟಣದ ಹಬ್ಬವನ್ನು ಗೇಲಿ ಮಾಡುವ ಚಿತ್ರ. ಪಟಾಕಿಗೆ ಬೆದರಿ ಓಡುವ ಜನ, ಮಿಠಾಯಿ ಬುಟ್ಟಿಗೆ ಬಾಯಿ ಹಾಕಿದ ನಾಯಿ, ನಡುವೆ ಹೊಟ್ಟೆ ಮುಂದೆ ಬಿಟ್ಟು ಹಲ್ಲು ಕಿರಿದ ಒಬ್ಬ ಬಾಬು, ಅಂದರೆ ಪೇಟೆಯ ಶೋಕಿ ದೊಡ್ಡಮನುಷ್ಯ. ಗಾಜು ಹಾಕಿಸಿದರೆ ಹಳೆತನದ ಸೊಗಸು ಕೆಡುತ್ತದೆಂದು ಹಾಗೇ ನೇತುಹಾಕಿದೆ.

"ಇವನು ನನ್ನನ್ನೇ ನೋಡ್ತಾನೆ ರೀ," ಅಂದಳು ಹೆಂಡತಿ ಸುಮಾ.

"ಅದು ವಿಡಂಬನೆ ಕಣೇ. ನಿನಗೆ ಅರ್ಥವಾಗಲ್ಲ."

ನನಗೂ ಆಗಿರಲಿಲ್ಲ!

ಮರುದಿನ ಬಾಬುವಿನ ನಗು ಸ್ವಲ್ಪ ಇಳಿದಂತಿತ್ತು. ಅದರ ಮರುದಿನ ಹಲ್ಲುಗಳು ಗಲ್ಲದವರೆಗೆ ಬೆಳೆದಿದ್ದವು. ನಾಯಿಗೆ ಮುಖವೇ ಇರಲಿಲ್ಲ. ಹೊರಗೆ ಹೊಗೆಮಂಜು ಕವಿದು ಎದುರಿನ ಟವರೇ ಮಾಯವಾಗಿತ್ತು. ಸೋಫಾದ ಯಾವ ತುದಿಗೆ ಕೂತರೂ ಬಾಬುವಿನ ಕಣ್ಣು ನನ್ನ ಮೇಲೇ. ನಾನು ಅಡುಗೆಮನೆಯಲ್ಲಿ ಪೇಪರ್ ಓದತೊಡಗಿದೆ.

"ಹೆದರಿಕೆನಾ?" ಸುಮಾ ಕೇಳಿದಳು.

"ಛೆ! ಇಲ್ಲಿ ಬೆಳಕು ಚೆನ್ನಾಗಿದೆ."

ಹಬ್ಬದ ಸಂಜೆ ಪಕ್ಕದ ಮನೆಯ ಕಪೂರ್ ಸಾಹೇಬರು ಹೆಂಡತಿಯೊಂದಿಗೆ ಬಂದರು. ಸಾಹೇಬರ ಮೈಮೇಲೆ ಹಾಲಿನಂಥ ಹೊಸ ಕುರ್ತಾ. ಅಳುಕು ನುಂಗಿಕೊಂಡು, ಕೋಡುಬಳೆ ತಟ್ಟೆ ಹಿಡಿದು, ನನ್ನ ಹರಕು ಹಿಂದಿಯಲ್ಲಿ ಭಾಷಣ ಶುರುಮಾಡಿದೆ.

"ಅಪ್ಪಟ ಕಲ್ಲಚ್ಚು! ನೂರು ವರ್ಷ ಕಳೆದರೂ ಒಂದು ಗೆರೆ ಅಲುಗಲ್ಲ!"

"ಅಚ್ಛಾ?" ಸಾಹೇಬರು ಹತ್ತಿರ ಬಗ್ಗಿದರು.

ಬಾಬುವಿನ ಎಡಗಣ್ಣು ಮೆಲ್ಲಗೆ ಅಲುಗಿತು. ಕೆನ್ನೆಯ ಮೇಲೆ ಜಾರಿತು. ಚೌಕಟ್ಟಿನ ಅಂಚಿಗೆ ಬಂದು ಒಂದು ಕ್ಷಣ ನಿಂತಿತು. ಟಪ್! ಹೊಸ ಕುರ್ತಾದ ಮೇಲೆ ಬಿತ್ತು. ಕಪ್ಪಗೆ, ತಣ್ಣಗೆ.

ಯಾರೋ ಕಿಟಾರನೆ ಕಿರುಚಿದರು. ಆಮೇಲೆ ನನಗೆ ನೆನಪಿರುವುದು ಲಿಫ್ಟಿನ ಬಾಗಿಲು. ಕಾಲಲ್ಲಿ ಚಪ್ಪಲಿಯಿಲ್ಲ, ಕೈಯಲ್ಲಿ ಕೋಡುಬಳೆ ಇದೆ. ಹೆಂಡತಿ, ಅತಿಥಿಗಳು ಎಲ್ಲ ಒಳಗೇ!

"ಬನ್ನಿ ರೀ, ಭೂತ ಸಿಕ್ಕಿದೆ," ಸುಮಾ ಕೂಗಿದಳು.

ಹೋಗಿ ನೋಡಿದರೆ ಚಿತ್ರ ಕೆಳಗಿಳಿದಿತ್ತು. ಮೇಲಿನ ಮನೆಯ ಬಚ್ಚಲ ನೀರು ಗೋಡೆಯೊಳಗೆ ಜಿನುಗಿ, ಕಾಗದ ತೊಪ್ಪೆಯಾಗಿ ಶಾಯಿ ಕರಗಿ ಇಳಿದಿತ್ತು. ಸುಮಾ ಬೆರಳಾಡಿಸಿದಳು. ಚಿತ್ರದ ಅರ್ಧ ಹಬ್ಬ ಬೆರಳಿಗೇ ಬಂತು.

"ಕಂಪ್ಯೂಟರ್ ಪ್ರಿಂಟು ರೀ ಇದು. ಕಲ್ಲಚ್ಚಲ್ಲ, ನೀರಚ್ಚು!"

ನಾನು ಗಂಟಲು ಸರಿಮಾಡಿಕೊಂಡು, ಮನೆಯ ಯಜಮಾನನಿಗೆ ತಕ್ಕ ಗಾಂಭೀರ್ಯದಿಂದ ಕಪೂರ್ ಸಾಹೇಬರಿಗೆ ಹೇಳಿದೆ: "ಪಾಪ, ಭಾಭೀಜಿ ತುಂಬಾ ಹೆದರಿಬಿಟ್ಟರು. ಎಷ್ಟು ಜೋರಾಗಿ ಕಿರುಚಿದರು!"

ಸಾಹೇಬರ ಹೆಂಡತಿ ನೆಲ ನೋಡಿದರು. ಸಾಹೇಬರು ನನ್ನ ಭುಜದ ಮೇಲೆ ಮೃದುವಾಗಿ ಕೈಯಿಟ್ಟರು.

"ಭಾಯಿಸಾಹೇಬ್, ಕಿರುಚಿದ್ದು ನೀವು."